ಪಾಪಾಸುಕಳ್ಳಿಯ ಒಂದು ಪೊದೆ: ಕಿತ್ತು, ಸುಲಿದು, ಬೇಯಿಸಿ ಮುಗಿಸಿದ್ದು

ಹೊರಗಿನಿಂದ ಬಂದು ನೆಲ ಕಬಳಿಸುವ ಗಿಡಗಳನ್ನು ತಿಂದೇ ಕಡಿಮೆ ಮಾಡೋಣ ಅನ್ನುವ ಮಾತು ಈಗ ಸಾಕಷ್ಟು ಕೇಳಿಬರುತ್ತದೆ. ತಿನ್ನೋಣ, ಸರಿ. ಆದರೆ ಕೊಯ್ಯುವಾಗ ಉದುರಿದ ಹಣ್ಣು, ಸುಲಿದು ಬಿಸಾಕಿದ ಸಿಪ್ಪೆ, ರಸ ಹಿಂಡಿ ಉಳಿದ ಬೀಜ ಎಲ್ಲಿಗೆ ಹೋದವು? ನನಗೆ ಅಡುಗೆಯಷ್ಟೇ ಮುಖ್ಯವಾಗಿ ಕಂಡದ್ದು ಈ ಪ್ರಶ್ನೆ. ಹಾಗಾಗಿ ಪಾಪಾಸುಕಳ್ಳಿಯ ಒಂದೇ ಒಂದು ಪೊದೆ ಹಿಡಿದೆ. ತಿನ್ನಲು ಬರುವುದನ್ನೆಲ್ಲ ತಿನ್ನಬೇಕು, ಉಳಿದ ಒಂದು ಚೂರೂ ಮತ್ತೆ ಚಿಗುರಬಾರದು. ಇದು ನಾನು ಹಾಕಿಕೊಂಡ ಲೆಕ್ಕ. ಅದಕ್ಕೆ ಬೇಕಾದ ಎರಡು ಮೂರು ಸಾಮಾನು ಮನೆಯಲ್ಲೇ ಮಾಡಿಕೊಂಡೆ. ಅವೂ ಇಲ್ಲಿವೆ.

ಈ ಗಿಡವನ್ನೇ ಯಾಕೆ ಆರಿಸಿದೆ ಅಂದರೆ, ಇದರಲ್ಲಿ ತರಕಾರಿಯೂ ಸಿಗುತ್ತದೆ, ಹಣ್ಣೂ ಸಿಗುತ್ತದೆ. ಗಾರ್ಲಿಕ್ ಮಸ್ಟರ್ಡ್ ಥರದ ಸೊಪ್ಪಾದರೆ ಬೀಜ ಕಟ್ಟುವ ಮುಂಚೆ ಬೇರುಸಮೇತ ಕಿತ್ತರೆ ಕೆಲಸ ಮುಗಿಯಿತು. ಜಪಾನೀಸ್ ನಾಟ್‌ವೀಡ್ ಚಿಗುರು ತಿನ್ನಲು ಚೆನ್ನ, ಆದರೆ ಅದರ ನೆಲದಡಿಯ ಗೆಡ್ಡೆಬೇರಿನ ಬೆರಳುದ್ದದ ತುಂಡು ಉಳಿದರೂ ಮತ್ತೆ ಎದ್ದು ಬರುತ್ತದೆ. ಅಡುಗೆಯವನೊಬ್ಬ ನಿಭಾಯಿಸುವ ಗಿಡ ಅದಲ್ಲ. ಪಾಪಾಸುಕಳ್ಳಿಯ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಮನಸ್ಸಿಟ್ಟು ಮಾಡಿದರೆ ಒಂದು ಪೊದೆಯನ್ನು ಪೂರ್ತಿ ತೆಗೆಯಬಹುದು.

ಮುಟ್ಟುವ ಮೊದಲು

ಪಾಪಾಸುಕಳ್ಳಿ ಅಮೆರಿಕ ಖಂಡಗಳ ಗಿಡ. ನಾವು ಎಲೆ ಅನ್ನುವುದು ನಿಜಕ್ಕೂ ಅದರ ಕಾಂಡ. ನಿಜವಾದ ಎಲೆ ಅಂದರೆ ಎಳೆ ಕಾಂಡದ ಮೇಲೆ ಮೂಡಿ, ಸ್ವಲ್ಪ ದಿನಕ್ಕೆ ಉದುರಿಹೋಗುವ ಹಸಿರು ಮೊನೆಗಳು. ರೂಢಿಯಲ್ಲಿರುವ ಹಾಗೆ ನಾನೂ ಚಪ್ಪಟೆ ಕಾಂಡವನ್ನು ಎಲೆ ಅಂತಲೇ ಬರೆಯುತ್ತೇನೆ. ಅದರ ಮೈಮೇಲಿನ ಚುಕ್ಕಿಗಳು ಅದರ ಕಣ್ಣುಗಳು. ಮುಳ್ಳು ಹುಟ್ಟುವುದು ಅಲ್ಲಿ, ಹೊಸ ಎಲೆ ಹುಟ್ಟುವುದು ಅಲ್ಲಿ, ಮಣ್ಣಿಗೆ ತಾಗಿದರೆ ಬೇರು ಬರುವುದೂ ಅಲ್ಲಿಂದಲೇ. ಹಣ್ಣಿನ ಸಿಪ್ಪೆಯ ಮೇಲೂ ಇದೇ ಕಣ್ಣುಗಳಿವೆ. ಅಂದರೆ ಕೆಳಗೆ ಬಿದ್ದ ಇಡೀ ಹಣ್ಣು ಬೀಜದ ಹಂಗಿಲ್ಲದೆಯೇ ಬೇರು ಬಿಟ್ಟು ಗಿಡವಾಗಬಲ್ಲದು. ಇದು ಗೊತ್ತಾದ ಮೇಲೆ ನನ್ನ ಕೊಯ್ಲಿನ ರೀತಿಯೇ ಬದಲಾಯಿತು.

ಆಸ್ಟ್ರೇಲಿಯಾದ ಕತೆ ಈ ಗಿಡದ ಬಗ್ಗೆ ಎಲ್ಲ ಹೇಳುತ್ತದೆ. 1788ರಲ್ಲಿ ನೆಲೆಸಲು ಹೋದ ಬ್ರಿಟಿಷರ ಮೊದಲ ಹಡಗುಗಳ ಜೊತೆ ಬ್ರೆಜಿಲ್‌ನಿಂದ ಪಾಪಾಸುಕಳ್ಳಿ ಅಲ್ಲಿಗೆ ಹೋಯಿತು. ಅದರ ಮೇಲೆ ಬೆಳೆಯುವ ಕೊಚಿನೀಲ್ ಹುಳುವಿನಿಂದ ಕೆಂಪು ಬಣ್ಣ ತೆಗೆಯುವ ಆಸೆ. ಆಮೇಲೆ ಬೇರೆ ಜಾತಿಗಳೂ ಬಂದವು. 1920ರ ದಶಕದ ಹೊತ್ತಿಗೆ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನಲ್ಲಿ ಹೆಚ್ಚುಕಡಿಮೆ 2.4 ಕೋಟಿ ಹೆಕ್ಟೇರ್ ನೆಲ ಇದರ ಪಾಲಾಗಿತ್ತು. ಆರ್ಸೆನಿಕ್ ವಿಷ ಹೊಡೆದರು, ಸುಟ್ಟರು, ಪುಡಿಗಟ್ಟಿದರು. ಕೊನೆಗೆ ಕೆಲಸ ಮಾಡಿದ್ದು ಅರ್ಜೆಂಟೀನಾದಿಂದ ತಂದ ಕ್ಯಾಕ್ಟೊಬ್ಲಾಸ್ಟಿಸ್ ಅನ್ನುವ ಪತಂಗದ ಹುಳು. 1926ರಲ್ಲಿ ಬಿಡತೊಡಗಿದರು, 1933ರ ಹೊತ್ತಿಗೆ ಕಳ್ಳಿಯ ಬಹುಪಾಲು ಕೊಳೆತು ಬಿದ್ದಿತ್ತು. ಭಾರತದಲ್ಲಿ ಇದಕ್ಕೂ ಹಿಂದೆಯೇ ಇಂಥದ್ದು ನಡೆದಿತ್ತು. ಬಣ್ಣಕ್ಕೆಂದು 1795ರಲ್ಲಿ ಬ್ರೆಜಿಲ್‌ನಿಂದ ತಂದ ಕೊಚಿನೀಲ್ ಬೇರೆ ಜಾತಿಯದ್ದಾಗಿತ್ತು. ಬಣ್ಣಕ್ಕೆ ಅದು ಒದಗಲಿಲ್ಲ, ಆದರೆ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದುಹಾಕಿತು.

ಇದರಿಂದ ಕೊಯ್ಯುವವರು ಗಮನಿಸಬೇಕಾದ ವಿಷಯ ಎರಡು. ಮೊದಲನೆಯದು ವಿಷ. ಹಬ್ಬಿದ ಗಿಡ ಕಂಡಲ್ಲೆಲ್ಲ ಯಾರೋ ಕಳೆನಾಶಕ ಹೊಡೆದಿರುವ ಸಾಧ್ಯತೆ ಇದ್ದೇ ಇದೆ. ಜಾಗದ ಒಡೆಯರನ್ನು ಕೇಳಿ, ಇಲ್ಲಿ ಏನೂ ಹೊಡೆದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ನಾನು ಮುಂದುವರಿದದ್ದು. ಎಲೆ ಹಳದಿಯಾಗಿ ಸೊರಗಿದ್ದರೆ, ಚಿಗುರು ವಿಕಾರವಾಗಿ ತಿರುಚಿಕೊಂಡಿದ್ದರೆ, ಯಾರು ಏನೇ ಹೇಳಲಿ, ಮುಟ್ಟಬೇಡಿ. ರಸ್ತೆ ಪಕ್ಕ, ರೈಲು ಹಳಿ ಪಕ್ಕದ್ದೂ ಬೇಡ. ಎರಡನೆಯದು ಹುಳು. ಎಲೆಯ ಮೇಲೆ ಹತ್ತಿ ಅಂಟಿಸಿದಂಥ ಬಿಳಿ ಗುಪ್ಪೆ ಇದ್ದರೆ ಕಡ್ಡಿಯಿಂದ ಒತ್ತಿ ನೋಡಿ. ಕಡುಗೆಂಪು ರಸ ಚಿಮ್ಮಿದರೆ ಅದು ಕೊಚಿನೀಲ್. ಆ ಎಲೆಗಳನ್ನು ಅಲ್ಲೇ ಬಿಡಿ. ನಮಗಿಂತ ಚೆನ್ನಾಗಿ ಆ ಕೆಲಸ ಮಾಡುವವರು ಅಲ್ಲಿ ಆಗಲೇ ಕೂತಿದ್ದಾರೆ.

ಗುರುತು ಹಿಡಿಯುವುದರಲ್ಲಿ ಒಂದು ಪರೀಕ್ಷೆ ತಪ್ಪಿಸಲೇಬಾರದು. ಎಲೆಯನ್ನು ಸ್ವಲ್ಪ ಕತ್ತರಿಸಿ. ಬಣ್ಣವಿಲ್ಲದ ಲೋಳೆ ಬಂದರೆ ಪಾಪಾಸುಕಳ್ಳಿ. ಬಿಳಿ ಹಾಲು ಸುರಿದರೆ ಅದು ಯೂಫೋರ್ಬಿಯಾ ಗುಂಪಿನ ಕಳ್ಳಿ. ಅದರ ಹಾಲು ಕಣ್ಣಿಗೂ ಬಾಯಿಗೂ ವಿಷ. ಹಾಲು ಕಂಡರೆ ಚಾಕು ತೊಳೆದು ವಾಪಸ್ ಬನ್ನಿ.

ಕಾನೂನನ್ನೂ ನೋಡಿಕೊಳ್ಳಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದರ ಹಲವು ಜಾತಿಗಳನ್ನು ಪರವಾನಗಿ ಇಲ್ಲದೆ ಮಾರುವಂತಿಲ್ಲ, ಇನ್ನೊಬ್ಬರಿಗೆ ಸುಮ್ನೆ ಕೊಡುವಂತೆಯೂ ಇಲ್ಲ. ಅಂಥ ನಿಯಮ ನೀವಿರುವಲ್ಲಿ ಇದ್ದರೆ ಹಸಿ ಎಲೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುವ ಮೊದಲು ಕೇಳಬೇಕಾಗುತ್ತದೆ.

ಗಳ ಮತ್ತು ಡಬ್ಬ

ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತದೆ, ಅದರಿಂದ ತೊಂದರೆ ಕಡಿಮೆ. ಗೋಳು ಹುಯ್ದುಕೊಳ್ಳುವುದು ನವಿರುಮುಳ್ಳು. ಇಂಗ್ಲಿಷಿನವರು ಗ್ಲಾಕಿಡ್ ಅನ್ನುವ ಇವು ಪ್ರತಿ ಕಣ್ಣಿನಲ್ಲೂ ಕಂತೆ ಕಂತೆಯಾಗಿರುತ್ತವೆ. ಕೂದಲಿಗಿಂತ ಸಣ್ಣ. ತುದಿಗೆ ಹಿಂದಕ್ಕೆ ಬಾಗಿದ ಕೊಕ್ಕೆ ಇರುವುದರಿಂದ ಹೊಕ್ಕಿದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ. ತಾಗಿದರೆ ಸಾಕು, ಕಂತೆಯೇ ಕಳಚಿಕೊಂಡು ಬರುತ್ತದೆ. ಬಟ್ಟೆಯ ಗ್ಲೌಸ್ ಹಾಕಿಕೊಂಡರೆ ಇವು ಅದರಲ್ಲೇ ಸಿಕ್ಕಿಕೊಂಡು ಆಮೇಲೂ ಚುಚ್ಚುತ್ತಿರುತ್ತವೆ. ಹಾಗಾಗಿ ಕೈ ತಾಗಲೇಬಾರದು ಅನ್ನುವ ಲೆಕ್ಕದಲ್ಲಿ ಸಾಮಾನು ಮಾಡಿದೆ.

ಹಣ್ಣಿಗೆ: ಎರಡು ಮೀಟರ್ ಉದ್ದದ ಬಿದಿರು ಗಳ, ತುದಿಗೊಂದು ತಗಡಿನ ಡಬ್ಬ. ಸಿಸಿಲಿಯ ತೋಟಗಳಲ್ಲಿ ಈ ಹಣ್ಣು ಕೀಳುವುದು ಹೆಚ್ಚುಕಡಿಮೆ ಇಂಥದ್ದೇ ಸಾಮಾನಿನಿಂದ. ಡಬ್ಬದ ಬಾಯಿ ಎಂಟು ಸೆಂಟಿಮೀಟರ್ ಅಗಲ ಇದ್ದರೆ ಕಾಡು ಹಣ್ಣಿಗೆ ಧಾರಾಳ. ಬಾಯಿಯ ಅಂಚಿನಲ್ಲಿ ಒಂದು ಕಡೆ ಅರದಿಂದ ಉಜ್ಜಿ ಸಣ್ಣ ಕಚ್ಚು ಮಾಡಿದೆ, ಹಣ್ಣಿನ ಬುಡ ಅಲ್ಲಿ ಕೂರುವಷ್ಟು. ತಳಕ್ಕೆ ಎರಡು ತೂತು. ಗಳದ ತುದಿಗೆ ಮರದ ಬಿರಡೆ ಬಡಿದು, ತಳದಿಂದ ಎರಡು ಸ್ಕ್ರೂ ಬಿಗಿದು, ಗಳ ಸೀಳದ ಹಾಗೆ ಹೊರಗಿನಿಂದ ಹೋಸ್ ಕ್ಲಿಪ್ ಹಾಕಿದೆ. ಒಂದೇ ಸ್ಕ್ರೂ ಆದರೆ ಡಬ್ಬ ತಿರುಗಿಬಿಡುತ್ತದೆ. ತಿರುಚಿ ಕೀಳುವ ಸಾಮಾನಿಗೆ ಅದು ಆಗಲ್ಲ ಅಲ್ವಾ?

ಬಳಸುವುದು ಹೀಗೆ. ಹಣ್ಣು ಡಬ್ಬದೊಳಗೆ ಬರುವಂತೆ ತೂರಿಸಿ, ಬುಡವನ್ನು ಕಚ್ಚಿಗೆ ಕೂರಿಸಿ, ಗಳವನ್ನು ಕಾಲು ಸುತ್ತು ತಿರುಗಿಸುವುದು. ಹಣ್ಣಾಗಿದ್ದರೆ ಟಕ್ ಅಂತ ಕಳಚಿ ಡಬ್ಬಕ್ಕೆ ಬೀಳುತ್ತದೆ. ಕಳಚದಿದ್ದರೆ ಅದು ಇನ್ನೂ ಕಾಯಿ. ಅಡುಗೆಗೆ ಬರದಿದ್ದರೂ ಅದನ್ನೂ ಕಿತ್ತು ಬೇರೆ ಬಕೆಟ್ಟಿಗೆ ಹಾಕಬೇಕು. ಈ ಡಬ್ಬದ ನಿಜವಾದ ಉಪಯೋಗ ಇದು: ಹಣ್ಣು ನೆಲಕ್ಕೆ ಬೀಳುವುದೇ ಇಲ್ಲ. ಇಕ್ಕಳದಲ್ಲಿ ಕಿತ್ತರೆ ಅಷ್ಟೋ ಇಷ್ಟೋ ಜಾರಿ ಮುಳ್ಳಿನೊಳಗೆ ಬಿದ್ದು ಸಿಗದಂತಾಗುತ್ತವೆ. ಕೀನ್ಯಾದ ಲೈಕಿಪಿಯಾದಲ್ಲಿ ಆನೆ, ಬಬೂನ್ ಮಂಗಗಳು ಈ ಹಣ್ಣು ತಿಂದು ಬೀಜವನ್ನು ದೂರ ದೂರ ಹರಡಿವೆ. ಅಲ್ಲಿನ ದನಕರುಗಳ ಬಾಯಿ, ಕಣ್ಣು, ಹೊಟ್ಟೆಯಲ್ಲೆಲ್ಲ ನವಿರುಮುಳ್ಳು ಸೇರಿ ಹುಣ್ಣಾಗುತ್ತದೆ. ಹಕ್ಕಿಗೆ, ಪ್ರಾಣಿಗೆ ಸಿಗುವ ಮುಂಚೆ ಕಿತ್ತ ಒಂದೊಂದು ಹಣ್ಣೂ ಲೆಕ್ಕಕ್ಕೆ ಬರುತ್ತದೆ.

ಎಲೆಗೆ: ಮೊಳೆ ಹಲಗೆ. ತೊಳೆಯಲು ಬರುವಂಥ ಹಲಗೆ ತೆಗೆದುಕೊಂಡು ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಬಡಿಯಿರಿ. ಎರಡರ ನಡುವೆ ನಾಲ್ಕು ಬೆರಳು ಅಂತರ ಇರಲಿ, ಮೊನೆ ಮೇಲೆ ಒಂದು ಬೆರಳು ಎದ್ದಿರಲಿ. ಇಕ್ಕಳದಲ್ಲಿ ಎಲೆ ಹಿಡಿದು ಮೊಳೆಗೆ ಒತ್ತಿದರೆ ಅಲುಗಾಡುವುದಿಲ್ಲ. ಬಲಗೈಯಲ್ಲಿ ಚಾಕು, ಎಡಗೈ ದೂರ. ಸುಲಭದ ಕೆಲಸ, ಆದರೆ ಇದಿಲ್ಲದೆ ಎಲೆ ಹೆರೆಯುವುದು ಬೇಡ ಅಂತಲೇ ನಾನು ಹೇಳುವುದು.

ಮೂರನೆಯದು ತಂತಿ ಜಾಲರಿಯ ಹಿಡಿಕೆ ಬುಟ್ಟಿ, ಹಣ್ಣನ್ನು ಬೆಂಕಿಯಲ್ಲಿ ತೋರಿಸಲು. ಹಳೆಯ ಜರಡಿಯ ಪ್ಲಾಸ್ಟಿಕ್ ಬಿಚ್ಚಿ ಕಬ್ಬಿಣದ ಸರಳು ಕಟ್ಟಿದರೂ ಆಯಿತು. ಸತು ಲೇಪಿಸಿದ ತಂತಿ ಮಾತ್ರ ಬೇಡ, ಬೆಂಕಿಗೆ ಅದರ ಹೊಗೆ ಕೆಟ್ಟದ್ದು.

ಕೊಯ್ಲು

ಗಾಳಿ ಇಲ್ಲದ ಹೊತ್ತು ನೋಡಿಕೊಳ್ಳಿ. ಗಾಳಿಗೆ ನವಿರುಮುಳ್ಳು ಹಾರುತ್ತದೆ, ಹಾಗಾಗಿ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೈಗೆ ದಪ್ಪ ರಬ್ಬರಿನ ಉದ್ದ ಗ್ಲೌಸ್.

ಹೊತ್ತಿಗೂ ರುಚಿಗೂ ಸಂಬಂಧ ಇದೆ. ಈ ಗಿಡ ನೀರು ಉಳಿಸಲು ರಾತ್ರಿ ಮಾತ್ರ ಉಸಿರುರಂಧ್ರ ತೆರೆಯುತ್ತದೆ. ಆಗ ಒಳಗೆಳೆದುಕೊಂಡ ಇಂಗಾಲದ ಡೈ ಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಬಿಸಿಲು ಬಂದ ಮೇಲೆ ಅದನ್ನು ಖರ್ಚು ಮಾಡಿ ಸಕ್ಕರೆ ಕಟ್ಟುತ್ತದೆ. ಹಾಗಾಗಿ ಬೆಳಗಿನ ಎಲೆ ಚೆನ್ನಾಗಿ ಹುಳಿ, ಮಧ್ಯಾಹ್ನದ ಎಲೆ ಸಪ್ಪೆ. ಒಂದೇ ಗಿಡದ ಎರಡು ಹೊತ್ತಿನ ಎಲೆಯನ್ನು ಪಕ್ಕಪಕ್ಕ ಬೇಯಿಸಿ ತಿಂದು ನೋಡಿ, ವ್ಯತ್ಯಾಸ ನಾಲಿಗೆಗೇ ಗೊತ್ತಾಗುತ್ತದೆ. ನನಗೆ ಹುಳಿಯೇ ಇಷ್ಟ, ಬೆಳಿಗ್ಗೆಯೇ ಕೊಯ್ದೆ.

ಪೊದೆಯ ಸುತ್ತ ಟಾರ್ಪಾಲ್ ಹಾಸಿ, ಹೊರಗಿನಿಂದ ಒಳಕ್ಕೆ ಬಂದೆ. ಮೊದಲು ಹಣ್ಣು, ಕಾಯಿ. ಆಮೇಲೆ ಎಳೆ ಎಲೆ: ಅಂಗೈ ಅಗಲದ್ದು, ತಿಳಿಹಸಿರು, ಮೇಲೆ ಆ ಹಸಿರು ಮೊನೆಗಳು ಇನ್ನೂ ಉದುರದಿರುವುದು. ಬಲಿತದ್ದು ನಾರು, ಅಡುಗೆಗೆ ಸಲ್ಲ. ಅದನ್ನು ಕೀಲಿರುವಲ್ಲಿ ಕತ್ತರಿಸಿ ದಪ್ಪ ಚೀಲಕ್ಕೆ ತುಂಬಿದೆ. ಕೊಚ್ಚಬೇಡಿ, ಕೊಚ್ಚಿದಷ್ಟೂ ಹೊಸ ಗಿಡ. ಕೊನೆಗೆ ಬುಡವನ್ನು ಗುದ್ದಲಿಯಿಂದ ಮೀಟಿ, ಸುತ್ತಲಿನ ಬೇರು ಸಹಿತ ಎತ್ತಿದೆ. ರುಚಿಯಾದ ಎಳೆ ಎಲೆ ಮಾತ್ರ ಕೊಯ್ದು ಬಂದರೆ ಗಿಡಕ್ಕೆ ಚಿಗುರು ಕತ್ತರಿಸಿ ಉಪಕಾರ ಮಾಡಿದ ಹಾಗಾಗುತ್ತದೆ. ಬುಡ ತೆಗೆಯುವ ಶಕ್ತಿ, ಅನುಮತಿ ಎರಡೂ ಇಲ್ಲದಿದ್ದರೆ ಹಣ್ಣಷ್ಟನ್ನೇ ಪೂರ್ತಿ ಕೀಳುವುದು ಲೇಸು.

ಮುಳ್ಳು ಹೊಕ್ಕರೆ ಉಜ್ಜಬೇಡಿ, ಬಾಯಲ್ಲಿ ಕಚ್ಚಿ ತೆಗೆಯಲೂಬೇಡಿ. ಕಂತೆಗಳನ್ನು ಚಿಮಟದಿಂದ ಎಳೆದು, ಆಮೇಲೆ ಬಿಳಿ ಅಂಟು ಬಳಿದು ಮೇಲೆ ತೆಳು ಬಟ್ಟೆ ಹಚ್ಚಿ, ಒಣಗಿದ ಮೇಲೆ ಕಿತ್ತರೆ ಉಳಿದದ್ದರಲ್ಲಿ ಬಹುಪಾಲು ಅಂಟಿಕೊಂಡು ಬರುತ್ತದೆ. ಕಣ್ಣಿಗೆ ಹೋದರೆ ಮನೆಮದ್ದು ಬೇಡ, ವೈದ್ಯರ ಹತ್ತಿರವೇ ಹೋಗಬೇಕು.

ಎಲೆ ಒಲೆಗೆ

ಮೊಳೆ ಹಲಗೆಗೆ ಎಲೆ ಸಿಕ್ಕಿಸಿ, ಅಂಚನ್ನು ಸುತ್ತ ಒಂದು ದಾರದಷ್ಟು ಕತ್ತರಿಸಿ ತೆಗೆದೆ. ಅಂಚಿನಲ್ಲಿ ಕಣ್ಣು ದಟ್ಟ. ಆಮೇಲೆ ಚಾಕುವನ್ನು ಓರೆ ಹಿಡಿದು ಬುಡದಿಂದ ತುದಿಗೆ ಹೆರೆಯುವುದು. ಸಿಪ್ಪೆ ಪೂರ್ತಿ ಹೋಗಬೇಕಿಲ್ಲ, ಕಣ್ಣು ಮಾತ್ರ ಕಿತ್ತು ಬರಬೇಕು. ಸರಿಯಾಗಿ ಹೆರೆದರೆ ಪ್ರತಿ ಕಣ್ಣಿದ್ದ ಜಾಗದಲ್ಲಿ ಒಂದು ಮಸುಕು ಹಸಿರು ಗುಳಿ ಉಳಿಯುತ್ತದೆ, ಅದರ ನಡುವೆ ಕಂದು ಚುಕ್ಕಿ ಇರುವುದಿಲ್ಲ. ಚುಕ್ಕಿ ಕಂಡರೆ ಚಾಕುವಿನ ಮೊನೆಯಿಂದ ಅದನ್ನು ಕೆದಕಿ ತೆಗೆಯಿರಿ. ಹರಿಯುವ ನೀರಲ್ಲಿ ತೊಳೆದು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಳಿದ ನವಿರುಮುಳ್ಳು ಮಿಂಚುತ್ತದೆ.

ಬೆರಳಗಲ ಪಟ್ಟಿ ಹೆಚ್ಚಿದ ತಕ್ಷಣ ಬೆಂಡೆಕಾಯಿಯ ಹಾಗೆ ಲೋಳೆ. ಮೆಕ್ಸಿಕೋದಲ್ಲಿ ಇದು ದಿನನಿತ್ಯದ ತರಕಾರಿ, ಅಲ್ಲಿ ನೀರಲ್ಲಿ ಕುದಿಸಿ ಬಸಿಯುತ್ತಾರೆ. ಬಸಿದರೆ ಲೋಳೆಯ ಜೊತೆ ಹುಳಿಯೂ ಹೋಗುತ್ತದೆ, ಅದು ನನಗೆ ಒಪ್ಪಲಿಲ್ಲ. ನಾನು ಮಾಡಿದ್ದು ನೀರಿಲ್ಲದ ವಿಧಾನ. ದಪ್ಪ ತಳದ ಬಾಣಲೆಗೆ ಪಟ್ಟಿಗಳನ್ನು ಹಾಕಿ, ಉಪ್ಪು ಉದುರಿಸಿ, ಮುಚ್ಚಿ ಮಧ್ಯಮ ಉರಿಯಲ್ಲಿಡಿ. ಸ್ವಲ್ಪ ಹೊತ್ತಿಗೆ ಅದರದೇ ನೀರು ಬಿಟ್ಟು ತೇಲುತ್ತದೆ, ಎಳೆದರೆ ದಾರ ಬರುವಷ್ಟು ಲೋಳೆ. ಎಲೆಯ ಹುಳಿಗೆ ಹಸಿರು ಬಣ್ಣ ಮಾಸಿ ಪಾಚಿಹಸಿರಾಗುತ್ತದೆ. ಈಗ ಮುಚ್ಚಳ ತೆಗೆದು ನೀರು ಇಂಗುವ ತನಕ ಹಾಗೇ ಬಿಡಿ. ಕೈಯಾಡಿಸುವುದು ಕಡಿಮೆ ಇರಲಿ. ಲೋಳೆ ಬತ್ತಿ ಬಾಣಲೆ ಚುರ್ ಅನ್ನತೊಡಗಿದ ಮೇಲೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಸೀಳಿದ ಮೆಣಸಿನಕಾಯಿ. ಅಂಚು ಕಂದಾಗುವ ತನಕ ಹುರಿದರೆ ಮುಗಿಯಿತು. ಹುಳಿ, ಕಚ್ಚಿದರೆ ಇನ್ನೂ ಸ್ವಲ್ಪ ಗಟ್ಟಿ, ಲೋಳೆಯ ಸುಳಿವಿಲ್ಲ. ಬೇರೆ ಹುಳಿ ಏನೂ ಬೇಡ.

ಮೊದಲ ಸಲ ಸ್ವಲ್ಪವೇ ತಿನ್ನಿ. ಎಲೆಯಲ್ಲಿ ಆಕ್ಸಲೇಟ್ ಇದೆ, ಮೂತ್ರಪಿಂಡದಲ್ಲಿ ಕಲ್ಲಾಗುವವರಿಗೆ ಒಳ್ಳೆಯದಲ್ಲ. ರಕ್ತದ ಸಕ್ಕರೆಯನ್ನೂ ಇಳಿಸಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಮುಂದುವರಿಯಿರಿ.

ಹಣ್ಣಿನ ರಸ

ಹಣ್ಣನ್ನು ಜಾಲರಿ ಬುಟ್ಟಿಗೆ ಹಾಕಿ ಉರಿಯ ಮೇಲೆ ಉರುಳಿಸುತ್ತಾ ಇದ್ದರೆ ನವಿರುಮುಳ್ಳಿನ ಕಂತೆಗಳು ಒಂದೊಂದಾಗಿ ಕಿಡಿಯಾಗಿ ಚಿಟಪಟ ಅನ್ನುತ್ತವೆ. ಸದ್ದು ನಿಂತಾಗ ಮುಳ್ಳು ತೀರಿತು ಅಂತ ಲೆಕ್ಕ. ಆದರೂ ನೀರಿನಡಿ ಬ್ರಷ್ ಹಾಕಿ ತಿಕ್ಕಲೇಬೇಕು. ಎರಡು ತುದಿ ಕತ್ತರಿಸಿ, ಉದ್ದಕ್ಕೆ ಸೀಳಿದರೆ ದಪ್ಪ ಸಿಪ್ಪೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ.

ತಿರುಳನ್ನು ಮಿಕ್ಸಿಗೆ ಹಾಕಬೇಡಿ. ಬೀಜ ಕಲ್ಲಿನಷ್ಟು ಗಟ್ಟಿ, ಒಡೆದರೆ ರಸವೆಲ್ಲ ಮರಳು ಮರಳು. ಸೌಟಿನಿಂದ ಹಿಚುಕಿ ಜರಡಿಯಲ್ಲಿ ಒತ್ತಿ, ಆಮೇಲೆ ಒತ್ತು ನೇಯ್ಗೆಯ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ತಪ್ಪಿಸಿಕೊಂಡ ನವಿರುಮುಳ್ಳು ಸಿಕ್ಕಿಬೀಳುವುದು ಈ ಬಟ್ಟೆಯಲ್ಲಿ, ಹಾಗಾಗಿ ಈ ಹಂತ ಬಿಡಬೇಡಿ. ಬೀಜಸಮೇತ ಹಣ್ಣು ತಿನ್ನುವ ರೂಢಿ ಕೆಲವೆಡೆ ಇದೆ. ಜಾಸ್ತಿ ತಿಂದರೆ ಬೀಜ ಕರುಳಿನಲ್ಲಿ ಗಟ್ಟಿಕಟ್ಟಿ ತೊಂದರೆಯಾದದ್ದು ವೈದ್ಯರ ದಾಖಲೆಗಳಲ್ಲೇ ಇದೆ.

ಈ ರಸದ ಕೆಂಪು ಬೀಟಲೇನ್ ಗುಂಪಿನ ಬಣ್ಣ, ಬೀಟ್‌ರೂಟಿನಲ್ಲಿರುವಂಥದ್ದೇ. ಕುಡಿದ ಮೇಲೆ ಮೂತ್ರ ಕೆಂಪಾದರೆ ಗಾಬರಿ ಬೇಡ. ಹೆಚ್ಚು ಹೊತ್ತು ಕುದಿಸಿದರೆ ಈ ಬಣ್ಣ ಮಾಸಿ ಕಂದಾಗುತ್ತದೆ. ಹಾಗಾಗಿ ಸಕ್ಕರೆ ಪಾಕವನ್ನು ಬೇರೆಯಾಗಿ ಕಾಯಿಸಿ, ಉರಿ ತಗ್ಗಿಸಿ, ರಸವನ್ನು ಕೊನೆಗೆ ಸೇರಿಸಿ ಆವಿ ಏಳುವ ತನಕ ಮಾತ್ರ ಇಟ್ಟೆ. ಜೊತೆಗೆ ನಿಂಬೆ ರಸ. ರುಚಿಗೂ ಬೇಕು, ಬಣ್ಣಕ್ಕೂ ಬೇಕು, ಎಲ್ಲಕ್ಕಿಂತ ಸುರಕ್ಷತೆಗೆ ಬೇಕು. ಈ ಹಣ್ಣಿನ ಸಿಹಿ ಜಾತಿಗಳಲ್ಲಿ ಆಮ್ಲ ತೀರಾ ಕಡಿಮೆ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಮೇಲಿರುವ ರಸವನ್ನು ಬಾಟಲಿಗೆ ತುಂಬಿ ಹೊರಗಿಟ್ಟರೆ ಬೊಟುಲಿಸಂ ವಿಷದ ಅಪಾಯ ಇದೆ. ಬಣ್ಣದ ರಸದಲ್ಲಿ ಪಿಎಚ್ ಪಟ್ಟಿ ಸರಿಯಾಗಿ ಓದಲು ಬರುವುದಿಲ್ಲ, ಮೀಟರ್ ಬೇಕು. ಮೀಟರ್ ಇಲ್ಲದವರು ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ, ಇಲ್ಲವೇ ಫ್ರೀಜ್ ಮಾಡಿ. ನಾನು ಹೆಚ್ಚಿನದನ್ನು ಐಸ್ ತಟ್ಟೆಗಳಲ್ಲಿ ಗಟ್ಟಿ ಮಾಡಿ ಇಟ್ಟಿದ್ದೇನೆ.

ಉಳಿದದ್ದು

ಅಡುಗೆಗಿಂತ ಜಾಸ್ತಿ ಹೊತ್ತು ಹಿಡಿದದ್ದು ಇದು, ನನಗೆ ಹೆಚ್ಚು ತೃಪ್ತಿ ಕೊಟ್ಟದ್ದೂ ಇದೇ. ಅಂಚಿನ ಚೂರು, ಹೆರೆದ ಕಣ್ಣು, ಸಿಪ್ಪೆ, ಕಾಯಿ ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ಮೆತ್ತಗಾಗಿ ಬಣ್ಣ ಬಿಡುವ ತನಕ ಕುದಿಸಿದೆ. ಅದು ಸಾಕೇ ಅಂತ ನೋಡಲು ಸಿಮೆಂಟು ನೆಲದ ಮೇಲೆ ತಟ್ಟೆಗಳಲ್ಲಿ ಮರಳು ಹಾಕಿ, ಒಂದರಲ್ಲಿ ಹಸಿ ಎಲೆಯ ತುಂಡು, ಇನ್ನೊಂದರಲ್ಲಿ ಕುದಿಸಿದ ತುಂಡು ಇಟ್ಟೆ. ಹಸಿ ತುಂಡು ಕತ್ತರಿಸಿದ ಜಾಗ ಒಣಗಿಸಿಕೊಂಡು, ಕೆಲವೇ ವಾರಗಳಲ್ಲಿ ಕಣ್ಣಿನಿಂದ ಬಿಳಿ ಬೇರು ಇಳಿಸಿತು. ನೀರು ಹಾಕಿದ್ದು ಹೆಸರಿಗೆ ಮಾತ್ರ. ಕುದಿಸಿದ್ದು ಕೊಳೆತು ಹೋಯಿತು. ಬೇರು ಬಂದ ತುಂಡನ್ನೂ ಕುದಿಸಿ, ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಿದೆ.

ಬೀಜಕ್ಕೆ ಕುದಿ ಸಾಕು ಅಂತ ನಾನು ನಂಬುವುದಿಲ್ಲ, ಅದರ ಸಿಪ್ಪೆ ಅಷ್ಟು ಗಟ್ಟಿ. ಒಣಗಿಸಿ, ಕಪ್ಪಾಗುವ ತನಕ ಹುರಿದು, ಬೆಂಕಿಗೆ ಹಾಕಿದೆ. ಬಲಿತ ಎಲೆಗಳ ಚೀಲಗಳೇ ದೊಡ್ಡ ಹೊರೆ. ಬಿಸಿಲಿಗೆ ಒಣಗಿ ಸಾಯುತ್ತವೆ ಅಂತ ರಾಶಿ ಹಾಕಿ ಬಿಡಬೇಡಿ, ನೀರಿಲ್ಲದೆ ತಿಂಗಳುಗಟ್ಟಲೆ ಬದುಕುವ ಗಿಡ ಇದು. ಒಂದು ಮೀಟರಿಗಿಂತ ಆಳದ ಗುಂಡಿಯಲ್ಲಿ ಹೂಳಬಹುದು. ಸುಡಲು ಅನುಮತಿ ಇದ್ದರೆ ಚೆನ್ನಾಗಿ ಸುಡಬಹುದು. ನಾವು ಹೂತೆವು.

ಪೊದೆ ಇದ್ದ ಜಾಗಕ್ಕೆ ಮಳೆಯ ನಂತರ ಹೋಗಿ ನೋಡಿದಾಗ ಎರಡು ದಪ್ಪ ಬೀಜದೆಲೆಗಳ ಸಸಿಗಳು ಎದ್ದಿದ್ದವು, ಹಿಂದಿನ ವರ್ಷಗಳಲ್ಲಿ ಬಿದ್ದ ಬೀಜದವು. ಇಷ್ಟು ಎಳೆಯದರಲ್ಲಿ ಚಿಮಟದಿಂದಲೇ ಬೇರುಸಮೇತ ಬರುತ್ತವೆ. ಮಣ್ಣಿನಲ್ಲಿ ಇನ್ನೂ ಬೀಜ ಇರುವುದರಿಂದ ಪ್ರತಿ ಮಳೆಯ ನಂತರ ಅಲ್ಲಿಗೆ ಹೋಗುವುದು ಈ ಕೆಲಸದ ಭಾಗವೇ. ಜಾಗದವರೂ ನೋಡುತ್ತಿರಲು ಒಪ್ಪಿದ್ದಾರೆ. ಪಕ್ಕದ ಪೊದೆ ಇದಕ್ಕಿಂತ ಎತ್ತರ ಇದೆ. ಅದಕ್ಕೆಂದು ಗಳವನ್ನು ಮೂರು ಮೀಟರಿಗೆ ಬದಲಿಸುತ್ತಿದ್ದೇನೆ, ಡಬ್ಬದ ಅಂಚನ್ನು ಒಳಕ್ಕೆ ಮಡಚಿ ಬಡಿಯುತ್ತಿದ್ದೇನೆ. ಗಳ ಓರೆಯಾದಾಗಲೂ ಹಣ್ಣು ಹೊರಗೆ ಉರುಳಬಾರದು.